ನಾಲ್ಕು ಗಂಟೆಯ ಸಹಾನುಭೂತಿ

ಜಪಾನಿನ ಸೆಂದಾಯಿ ನಗರದಲ್ಲಿ ಎರಡು ದಿನದ ತರಬೇತಿ ಮುಗಿಸಿ ಬಂದದ್ದೇ ತಡ, ವೃದ್ಧಾಶ್ರಮದ ಮುಖ್ಯಸ್ಥ ಓಗಿನೊಗೆ ಕರುಣೆಯ ಹುಚ್ಚು ಹಿಡಿಯಿತು. ಹನ್ನೊಂದು ಮಂದಿ ಕೆಲಸದವರಿಗೂ ಒಂದೊಂದು ನೋಟ್‌ಬುಕ್ ಹಂಚಿದ. ದಿನಾ ನಾಲ್ಕು ಗಂಟೆಗೆ ಎಲ್ಲರೂ ಊಟದ ಕೋಣೆಯಲ್ಲಿ ಕೂತು, ಯಾರಾದರೂ ಒಬ್ಬ ಮುದುಕನೋ ಮುದುಕಿಯೋ ತಾನೇ ಎಂದುಕೊಂಡು, 'ನಾನು' ಎಂದು ಶುರುಮಾಡಿ ಒಂದು ಪುಟ ಬರೆಯಬೇಕು. ಅದೂ ಕೈಯಲ್ಲೇ. ಕಂಪ್ಯೂಟರಿನಲ್ಲಿ ಕುಟ್ಟಿದರೆ ಹೃದಯ ಅರಳುವುದಿಲ್ಲವಂತೆ. ಚೆನ್ನಾಗಿ ಬರೆದವರ ಪುಟಕ್ಕೆ, ಒಂದನೇ ಕ್ಲಾಸಿನ ಮಕ್ಕಳಿಗೆ ಮೇಷ್ಟ್ರು ಹಾಕುವ ಹಾಗೆ, ಕೆಂಪು ಶಾಯಿಯ ಸುರುಳಿ ಹೂವು ಬರೆದು ಗೋಡೆಗೆ ಅಂಟಿಸುತ್ತಿದ್ದ. ಮೊಮ್ಮಕ್ಕಳನ್ನು ಕಂಡ ಹೆಂಗಸರೂ ಆ ಹೂವಿಗಾಗಿ ಕಿತ್ತಾಡುತ್ತಿದ್ದರು.

ಆ ಹನ್ನೊಂದು ಮಂದಿಯಲ್ಲಿ ಒಬ್ಬನಾದ ಕುರಿಹಾರ ತೆತ್ಸುಗೆ ಇದನ್ನು ಕಂಡರೆ ಮೈಯೆಲ್ಲ ಉರಿ. ಹೈಸ್ಕೂಲನ್ನು ಅರ್ಧಕ್ಕೇ ಬಿಟ್ಟು ಬಂದವನು; ಮುದುಕರನ್ನು ಎತ್ತುವುದು, ಒರೆಸುವುದು, ತಿರುಗಿಸಿ ಮಲಗಿಸುವುದು ಬಲ್ಲವನು.

"ಅಕ್ಷರ ಬರಲ್ಲ ಅಂತ ಹೊಟ್ಟೆಯುರಿ ನಿಂಗೆ," ಎಂದು ಹಿರಿಯ ಕೆಲಸಗಾರ್ತಿ ಶಿರಾಯಿಶಿ ಚುಚ್ಚುತ್ತಿದ್ದಳು. ಗೋಡೆಯ ಮೇಲಿನ ಹೂವುಗಳಲ್ಲಿ ಮುಕ್ಕಾಲು ಪಾಲು ಅವಳವೇ.

ಒಂಬತ್ತನೇ ಕೋಣೆಯಲ್ಲಿ ಮಿನೆಗಿಶಿ ಹತ್ಸು ಇದ್ದಳು. ನಲವತ್ತು ವರ್ಷ ಕ್ಷೌರದಂಗಡಿ ನಡೆಸಿದ ಮುದುಕಿ. ಕಾಲು ಬಿದ್ದುಹೋಗಿತ್ತು, ನಾಲಿಗೆ ಬಿದ್ದಿರಲಿಲ್ಲ. ಮೂರಕ್ಕೆ ಚಹಾ ಕುಡಿದರೆ ನಾಲ್ಕಕ್ಕೆ ಸರಿಯಾಗಿ ಅವಳ ಕರೆಗಂಟೆ ಹೊಡೆಯುತ್ತಿತ್ತು: ಶೌಚಕ್ಕೆ ಕರೆದೊಯ್ಯಿರಿ ಎಂದು. ತಿಂಗಳಲ್ಲಿ ಮೂರು ಸಲ ಹಾಸಿಗೆ ಒದ್ದೆಯಾದರೆ ಡಯಾಪರ್ ಕಟ್ಟುವುದು ಅಲ್ಲಿನ ನಿಯಮ. ಸಾವಿಗೆ ಹೆದರದ ಹತ್ಸು ಅದಕ್ಕೆ ಹೆದರುತ್ತಿದ್ದಳು. "ಅದನ್ನ ಕಟ್ಟಿದ ದಿನ ನಾನು ಮನುಷ್ಯಳಲ್ಲ, ಮೂಟೆ," ಎನ್ನುತ್ತಿದ್ದಳು.

ನೋಟ್‌ಬುಕ್ ಬಂದ ಮೇಲೆ ಎರಡು ಸಲ ಒದ್ದೆಯಾಯಿತು. ಎರಡು ಸಲವೂ ಗಂಟೆ ಹೊಡೆಯುತ್ತಲೇ ಇತ್ತು. ಹನ್ನೊಂದು ತಲೆಗಳು ಬಗ್ಗಿ ಸಹಾನುಭೂತಿ ಬರೆಯುತ್ತಲೇ ಇದ್ದವು. ಮಧ್ಯೆ ಎದ್ದರೆ ಧ್ಯಾನ ಕೆಡುತ್ತದೆಂದು ಓಗಿನೊನ ಕಟ್ಟಪ್ಪಣೆ. ತೆತ್ಸುವೂ ಕೂತೇ ಇದ್ದ. ತಿಂಗಳ ಕೊನೆಗೆ ಅವನ ಕೆಲಸದ ಕರಾರು ಮುಗಿಯುವುದಿತ್ತು. ಆಮೇಲೆ ಹಾಸಿಗೆ ಬದಲಿಸುವಾಗ ಮುದುಕಿ ಅವನ ಮುಖ ನೋಡಲಿಲ್ಲ. ಅವನಿಗೆ ತನ್ನ ಮೇಲೇ ಉಗುಳಬೇಕೆನಿಸಿತ್ತು.

ಶಿರಾಯಿಶಿ ಮಾತ್ರ ಅದನ್ನೇ ಬರೆದಿದ್ದಳು: "ನಾನು ಹತ್ಸು. ಇಂದು ನಾನು ಒದ್ದೆಯಾದೆ. ಈ ನಾಚಿಕೆಯಿಂದ ನನ್ನನ್ನು ಯಾರಾದರೂ ಪಾರುಮಾಡಬಾರದೇ?" ಓಗಿನೊ ಕಣ್ಣೊರೆಸಿಕೊಂಡು ದೊಡ್ಡ ಹೂವನ್ನೇ ಬಿಡಿಸಿದ್ದ.

ಬುಧವಾರ ನಾಲ್ಕಕ್ಕೆ ಗಂಟೆ ಹೊಡೆಯಿತು. ತೆತ್ಸು ಕುರ್ಚಿ ತಳ್ಳಿ ಎದ್ದ.

"ಕೂತ್ಕೋ ಕುರಿಹಾರ. ಇನ್ನು ಹದಿನೈದು ನಿಮಿಷ," ಎಂದ ಓಗಿನೊ.

"ಆಕೆಯ ಮೂತ್ರಕ್ಕೆ ಹೇಳಿ ಸಾರ್, ಹದಿನೈದು ನಿಮಿಷ ಅಂತ."

ಕೋಣೆಗೆ ಓಡಿದರೆ ಹತ್ಸು ಹಲ್ಲು ಕಚ್ಚಿಕೊಂಡು ಕೂತಿದ್ದಳು. "ನೀನಾ? ಹೆಂಗಸ್ರು ಯಾರೂ ಇಲ್ವೇನೋ?"

"ಎಲ್ಲಾ ನಿಮ್ಮ ಕಷ್ಟಾನೇ ಬರೀತಾ ಕೂತಿದಾರೆ ಅಜ್ಜಿ."

"ಹಾಳಾಗ್ ಹೋಗ್ಲಿ. ಎತ್ತು. ಕಣ್ ಮುಚ್ಕೋ."

"ಕಣ್ ಮುಚ್ಚಿದ್ರೆ ಇಬ್ರೂ ಬೀಳ್ತೀವಿ."

"ಹಂಗಾದ್ರೆ ಗೋಡೆ ನೋಡು. ನಿನ್ನ ಕೂದ್ಲು ಯಾರಯ್ಯಾ ಕತ್ತರಿಸಿದ್ದು, ಕುಡುಗೋಲು ಹಿಡ್ಕೊಂಡು?"

ಗೋಡೆ ನೋಡುತ್ತಲೇ ಕರೆದೊಯ್ದ. ಒಂದು ಹನಿಯೂ ಬಟ್ಟೆಗೆ ತಾಗಲಿಲ್ಲ.

ವಾಪಸು ಬಂದು ನೋಡಿದರೆ ಅವಳ ಹಾಸಿಗೆಯ ಮೇಲೆ ಡಯಾಪರಿನ ಕಟ್ಟು. ಪಕ್ಕದಲ್ಲಿ ಓಗಿನೊ.

"ಮೂರನೇ ಸಲ ಆಗೇ ಇಲ್ಲ!" ಎಂದ ತೆತ್ಸು.

"ಅದರ ಅಗತ್ಯ ಇಲ್ಲಪ್ಪ. ಶಿರಾಯಿಶಿ ಬರೆದ ಪುಟದ ಪ್ರತೀನ ಇವರ ಮಗಳಿಗೆ ಕಳಿಸಿದ್ದೆ. ಓದಿ ಅತ್ತುಬಿಟ್ರಂತೆ. ಡಯಾಪರ್ ಕಟ್ಟೋಕೆ ಇವತ್ತೇ ಒಪ್ಪಿಗೆಗೆ ಸಹಿ ಹಾಕಿ ಕಳಿಸಿದಾರೆ."

ಹತ್ಸು ಗಾಲಿಕುರ್ಚಿಯಲ್ಲಿ ಮೂಟೆಯ ಹಾಗೇ ಕುಸಿದಳು. ಅವಳನ್ನು ಯಾರೂ ಕೇಳಿರಲಿಲ್ಲ. ಇಡೀ ಆಶ್ರಮ ಹದಿನೈದು ದಿನದಿಂದ ಮುದುಕ ಮುದುಕಿಯರಾಗಿ ಬರೆದಿತ್ತು, ಒಬ್ಬರೂ ಅವಳನ್ನು ಕೇಳಿರಲಿಲ್ಲ.

ತೆತ್ಸು ತನ್ನ ಫೋನ್ ತೆಗೆದ. "ಮಗಳ ನಂಬರ್ ಹೇಳಿ ಅಜ್ಜಿ."

"ಕುರಿಹಾರ, ಇದು ನಿಯಮ ಅಲ್ಲ."

ಮುದುಕಿ ನಂಬರನ್ನು ತಪ್ಪಿಲ್ಲದೆ ಹೇಳಿದಳು. ಫೋನನ್ನು ಅವಳ ಕಿವಿಗೆ ಹಿಡಿದು ತೆತ್ಸು ನಿಂತ. ಮಗಳ ದನಿ ಕೋಣೆಗೆಲ್ಲ ಕೇಳುವಷ್ಟು ಜೋರಾಗಿತ್ತು.

"ಅಮ್ಮಾ, ಇಷ್ಟು ನಾಚಿಕೆ ಅನುಭವಿಸ್ತಿದೀಯ ಅಂತ ನಂಗೆ ಗೊತ್ತೇ ಇರ್ಲಿಲ್ಲ."

"ಯಾವ ನಾಚಿಕೇನೇ?"

"ನೀನೇ ಬರೆದಿದ್ಯಲ್ಲ. ಪಾರುಮಾಡಿ ಅಂತ. ಕೈಯಲ್ಲೇ ಬರೆದಿತ್ತು, 'ನಾನು ಹತ್ಸು' ಅಂತ. ಅಮ್ಮ ಕೈ ನಡುಗಿದ್ರೂ ಎಷ್ಟು ಚಂದ ಬರೆದಿದಾಳೆ ಅಂದ್ಕೊಂಡೆ."

ಹತ್ಸು ತಲೆಯೆತ್ತಿ ಓಗಿನೊನನ್ನು, ಹಳೇ ಗಿರಾಕಿಯ ಬೋಳುತಲೆ ನೋಡುವ ಹಾಗೆ ನೋಡಿದಳು.

"ನಾನು ಬರೆದಿದ್ದಲ್ಲ ಕಣೇ. ಇಲ್ಲೊಬ್ಳು ಬರೆದಿದ್ದು. ನಾನು ಗಂಟೆ ಹೊಡೀತಿದ್ದಾಗ ಎದ್ದು ಬರೋ ಬದ್ಲು ಕೂತ್ಕೊಂಡು ಬರೆದ್ಲು. ನಂಗೆ ಪಾರುಮಾಡೋದು ಬೇಡ, ಪಾಯಿಖಾನೆಗೆ ಕರ್ಕೊಂಡು ಹೋದ್ರೆ ಸಾಕು. ನಿನ್ನ ಸಹಿ ವಾಪಸ್ ತಗೋ."

"ಆ ಮುಖ್ಯಸ್ಥರಿಗೆ ಫೋನ್ ಕೊಡು," ಎಂದಳು ಮಗಳು. ದನಿಯಲ್ಲಿ ಅಳು ಇರಲಿಲ್ಲ.

ಓಗಿನೊ ಫೋನ್ ಹಿಡಿದು ಗೋಡೆಗೆ ಬಗ್ಗಿ ಬಗ್ಗಿ ನಮಸ್ಕರಿಸುತ್ತ "ಹೌದು, ಕ್ಷಮಿಸಬೇಕು" ಎಂದು ಹನ್ನೆರಡು ಸಲ ಹೇಳಿದ. ಅಷ್ಟರಲ್ಲಿ ತೆತ್ಸು ಡಯಾಪರಿನ ಕಟ್ಟನ್ನು ಕಂಕುಳಿಗೆ ಸಿಕ್ಕಿಸಿ ಬಾಗಿಲು ದಾಟಿದ್ದ.

"ನಿನ್ನ ಇವತ್ತಿನ ಪುಟ ಖಾಲಿ ಇದೆ ಕುರಿಹಾರ," ಎಂದು ಓಗಿನೊ ಹಿಂದಿನಿಂದ ಕೂಗಿದ. ಮುಖ ಕೆಂಪಾಗಿತ್ತು. "ಕರಾರಿನ ಹೊತ್ತಿಗೆ ಅದನ್ನೂ ನೋಡ್ತೀನಿ."

"ಹಾಸಿಗೇನೂ ಒಣಗೇ ಇದೆ ಸಾರ್," ಎಂದ ತೆತ್ಸು, ತಿರುಗದೆಯೇ. "ಅದನ್ನೂ ಮುಟ್ಟಿ ನೋಡಿ."