ಎಲೆಕ್ಟ್ರಿಷಿಯನ್ ತಂದ ಸುದ್ದಿ

ಡೈವೋರ್ಸ್ ಆದಮೇಲೆ ಹೆಂಡತಿಯ ಕಡೆಯವರೆಲ್ಲ ನನ್ನ ಪಾಲಿಗೆ ಇಲ್ಲವಾದರು, ಮಾವನೊಬ್ಬರನ್ನು ಬಿಟ್ಟು. ಮಗಳೇ ಬೇಡವೆಂದ ಗಂಡಸಿಗೆ ಅವಳಪ್ಪ ಪ್ರತಿ ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತಾರೆಂದರೆ ಯಾರೂ ನಂಬುವುದಿಲ್ಲ. ನಾನೂ ಯಾರಿಗೂ ಹೇಳಲು ಹೋಗಿಲ್ಲ. ಹೇಳಿಕೊಳ್ಳಲು ಯಾರಿದ್ದಾರೆ ಅನ್ನುವುದು ಬೇರೆ ಮಾತು.

ಅವರು ನನ್ನ ಕ್ಷೇಮ ಕೇಳುವುದಿಲ್ಲ. ಮಗಳ ಸುದ್ದಿ ಎತ್ತುವುದಿಲ್ಲ. ನಮ್ಮ ಮಾತೆಲ್ಲ ಒಂದೇ ಕಾರಿನದು. ಉದ್ದ ಮೂತಿಯ, ಎಂಟು ಸಿಲಿಂಡರಿನ, ಸ್ಟಾರ್ಟ್ ಮಾಡಿದರೆ ಪಕ್ಕದ ಬೀದಿಯ ಕಿಟಕಿ ನಡುಗಿಸುವ ಮಸಲ್ ಕಾರು. ನಾನಿನ್ನೂ ಅವರ ಅಳಿಯನಾಗಿದ್ದಾಗಲೇ ಇಬ್ಬರಿಗೂ ಹತ್ತಿದ ಹುಚ್ಚು. ಅದನ್ನೇ ರೇಸ್ ಟ್ರ್ಯಾಕಿಗೆಂದು ಇನ್ನಷ್ಟು ಹುರಿಗೊಳಿಸಿ ಹೊಸ ಮಾದರಿ ತರುತ್ತೇವೆಂದು ಕಂಪನಿ ಯಾವಾಗಲೋ ಬಾಯಿಬಿಟ್ಟಿತ್ತು. ಆಮೇಲೆ ತುಟಿ ಹೊಲಿದುಕೊಂಡು ಕೂತಿತ್ತು.

ಕೊಳ್ಳುವ ಯೋಗ್ಯತೆ ಇಬ್ಬರಿಗೂ ಇಲ್ಲ. ನಾನು ಟೈರ್ ಅಂಗಡಿಯಲ್ಲಿ ವೀಲ್ ಅಲೈನ್‌ಮೆಂಟ್ ಮಾಡುವವನು. ಮಾವ ಸರ್ವಿಸ್ ಪೂರ್ತಿ, ವೇಗ ಮೀರದ ಹಾಗೆ ಸ್ಪೀಡ್ ಗವರ್ನರ್ ಹಾಕಿದ ಬಸ್ಸು ಓಡಿಸಿ ರಿಟೈರ್ ಆದವರು. "ಜೀವನವಿಡೀ ನನ್ನ ಕಾಲಿಗೆ ಹಗ್ಗ ಕಟ್ಟಿದ್ರು ಕಣಪ್ಪ, ಈ ಕಾರಿಗೆ ಯಾರೂ ಕಟ್ಟಿಲ್ಲ," ಎನ್ನುತ್ತಿದ್ದರು.

ಸುದ್ದಿ ತರುವವರು ಯಾವಾಗಲೂ ಅವರೇ. ಡಿಪೋದಲ್ಲಿ ಅವರ ಜೊತೆಗಿದ್ದ ಎಲೆಕ್ಟ್ರಿಷಿಯನ್‌ನ ಅಕ್ಕನ ಮಗ ಆ ಕಂಪನಿಯಲ್ಲೇ ಇದ್ದಾನಂತೆ. ಒಂದು ಭಾನುವಾರ, "ತೂಕ ಇಳಿಸೋಕೆ ಹಿಂದಿನ ಸೀಟೇ ಕಿತ್ತು ಹಾಕ್ತಾರಂತೆ." ಇನ್ನೊಂದು ಭಾನುವಾರ, "ಗೇರು ಕೈಯಲ್ಲೇ ಹಾಕ್ಬೇಕಂತೆ, ಆಟೋಮ್ಯಾಟಿಕ್ ಬೇಡ್ವೇ ಬೇಡ ಅಂದ್ರಂತೆ." ಏನೂ ಇಲ್ಲದ ವಾರವೂ ಏನೋ ಒಂದು ಇರುತ್ತಿತ್ತು: "ಟೈರು ಸರಿಹೋಗ್ಲಿಲ್ವಂತೆ, ಇನ್ನೂ ತಡವಂತೆ." ತಡ ಎನ್ನುವಾಗ ಅವರ ದನಿ ಗೆಲುವಾಗಿರುತ್ತಿತ್ತು. ಯಾರು ಹೇಳಿದ್ದೆಂದು ಬಾಯಿಬಿಡದೆ, ಸೋಮವಾರ ನಾನು ಅದನ್ನೇ ಅಂಗಡಿಯ ಗಿರಾಕಿಗಳಿಗೆ ಹಂಚುತ್ತಿದ್ದೆ.

ನನಗೂ ಆ ಫೋನೇ ಗತಿ. ಉಳಿದ ದಿನ ಅಂಗಡಿಯಿಂದ ಬಂದರೆ ಬೀಗ ತೆಗೆದ ಸದ್ದು ಬಿಟ್ಟು ಮನೆಯಲ್ಲಿ ಬೇರೆ ಸದ್ದಿಲ್ಲ. ಭಾನುವಾರ ಮಾತ್ರ ಕಾಫಿ ಮಾಡಿಕೊಂಡು, ಫೋನನ್ನು ಮೇಜಿನ ಮೇಲಿಟ್ಟು, ಹೆಣ್ಣು ನೋಡಲು ಹೊರಟವನ ಹಾಗೆ ತಲೆ ಬಾಚಿಕೊಂಡು ಕೂರುತ್ತಿದ್ದೆ. ನಗಬೇಡಿ.

ಮೊನ್ನೆ ಶುಕ್ರವಾರ ಕಂಪನಿ ಆ ಹೊಸ ಕಾರನ್ನು ತೋರಿಸಿಯೇ ಬಿಟ್ಟಿತು. ಗಿರಾಕಿಯೊಬ್ಬ ಅಂಗಡಿಗೆ ಬಂದು ಫೋನನ್ನು ನನ್ನ ಮುಖಕ್ಕೇ ಹಿಡಿದ. "ಹಿಂದಿನ ಸೀಟು ಇರಲ್ಲ ಅಂತ ಬಡ್ಕೋತಿದ್ದೆಯಲ್ಲ, ಇದೇನಿದು?" ಸೀಟು ಇತ್ತು. ಗೇರು ಆಟೋಮ್ಯಾಟಿಕ್. ಟೈರಿನದು ಮೊದಲಿನಿಂದಲೂ ತಕರಾರೇ ಇರಲಿಲ್ಲವಂತೆ. ಮಾವ ಹೇಳಿದ್ದರಲ್ಲಿ ಒಂದಾದರೂ ನಿಜವಾಗಿದ್ದರೆ ಕೇಳಿ! ಇಡೀ ಅಂಗಡಿಯೆದುರು ನನ್ನ ಮರ್ಯಾದೆ ಮೂರು ಕಾಸಿಗೆ ಹರಾಜಾಯಿತು. ಭಾನುವಾರ ಬರಲಿ, ಸರಿಯಾಗಿ ತರಾಟೆಗೆ ತೆಗೆದುಕೊಳ್ಳುತ್ತೇನೆ ಎಂದುಕೊಂಡೆ.

ಭಾನುವಾರ ಫೋನ್ ಬರಲಿಲ್ಲ.

ಕಾಫಿ ಆರಿತು. ಹೊತ್ತೇರಿದ ಹಾಗೆ ಸಿಟ್ಟು ಇಳಿದು ಹೆದರಿಕೆ ಹತ್ತಿತು. ಕಾರು ಬಂದಾಯಿತು. ಇನ್ನು ಅವರು ಯಾಕೆ ಫೋನ್ ಮಾಡಬೇಕು? ಮಗಳು ಬಿಟ್ಟವನಿಗೂ ಅವರಿಗೂ ಏನು ಸಂಬಂಧ?

ಕೊನೆಗೆ, ಮೊದಲ ಸಲ, ನಾನೇ ಮಾಡಿದೆ.

"ಕಾರು ನೋಡಿದ್ರಾ ಮಾವ?"

"ನೋಡ್ದೆ. ಚೆನ್ನಾಗಿದೆ."

"ಹಿಂದಿನ ಸೀಟಿದೆ."

"ಹೂಂ."

"ನಿಮ್ಮ ಎಲೆಕ್ಟ್ರಿಷಿಯನ್ ಬರೀ ಬುರುಡೆ ಬಿಟ್ಟಿದ್ದಾನಲ್ಲ! ಅವನ ನಂಬರ್ ಕೊಡಿ, ನಾನೇ ವಿಚಾರಿಸ್ಕೋತೀನಿ."

ಆ ಕಡೆ ಗೋಡೆ ಗಡಿಯಾರದ ಸದ್ದು ಕೇಳಿಸುತ್ತಿತ್ತು. ಅತ್ತೆ ಹೋದಮೇಲೆ ಆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಮಾತಾಡುವುದು ಅದೊಂದೇ.

"ಅವನು ತೀರ್ಕೊಂಡು ಯಾವ ಕಾಲ ಆಯ್ತಪ್ಪ," ಎಂದರು ಮಾವ. "ಅವನಿಗೆ ಅಕ್ಕನೂ ಇರ್ಲಿಲ್ಲ."

ಆರಿದ ಕಾಫಿಯ ಲೋಟವನ್ನು ಅತ್ತ ಸರಿಸಿದೆ.

"ಫೋನ್ ಮಾಡೋಕೆ ಏನಾದ್ರೂ ನೆಪ ಬೇಕಲ್ಲಪ್ಪ. ಸುಮ್ಸುಮ್ನೆ ಮಾಡಿದ್ರೆ ನೀನೇನು ಅಂದ್ಕೋತೀಯೋ ಅಂತ. ಈಗ ಅದೂ ಮುಗೀತು. ಇಡ್ಲಾ?"

ಸುಮ್ಮನೆಯೇ ಮಾಡಿ ಮಾವ, ನನಗೂ ಬೇರೆ ಯಾರೂ ಇಲ್ಲ, ಎನ್ನಬೇಕಿತ್ತು. ನಮ್ಮಿಬ್ಬರಿಗೂ ಅಂಥ ಮಾತಿನ ಅಭ್ಯಾಸವಿಲ್ಲ.

"ತಾಳಿ ಮಾವ, ಇಡ್ಬೇಡಿ. ಇದಲ್ವಂತೆ ಅಸಲಿ ಕಾರು. ಇನ್ನೊಂದು ಬರುತ್ತಂತೆ, ಇದಕ್ಕಿಂತ ಹಗುರ. ಅದರಲ್ಲಿ ಹಿಂದಿನ ಸೀಟು ಖಂಡಿತ ಇರಲ್ವಂತೆ."

"ಯಾರಂದ್ರು?"

"ನಿಮ್ಮ ಎಲೆಕ್ಟ್ರಿಷಿಯನ್."

ಗಡಿಯಾರ ಬಡಿದುಕೊಳ್ಳುತ್ತಲೇ ಇತ್ತು. ಆಮೇಲೆ ಮೂಗು ಒರೆಸಿಕೊಂಡ ಸದ್ದು ಬಂತು.

"ಯಾವಾಗ ಬರುತ್ತಂತೆ?"

"ತುಂಬಾ ತಡವಂತೆ ಮಾವ."

"ಆಗ್ಲಿ ಬಿಡು," ಎಂದರು. "ಗೇರು ಕೈಯಲ್ಲೇ ಹಾಕೋದು ತಾನೆ? ಅವನ ಹತ್ರ ಸರಿಯಾಗಿ ಕೇಳಿಟ್ಕೋ. ಭಾನುವಾರ ಮಾಡ್ತೀನಿ."