ಕುದಿಯುವ ಕಾರು, ಆತುರದ ಕೈ

ಆ ವಾರದಲ್ಲಿ ಅದು ಮೂರನೆಯ ಸಲ. ಟೈಲರನ ಹಳೆಯ ಕಾರು ಆಸ್ಪತ್ರೆಯ ಅರ್ಧ ದಾರಿಯಲ್ಲಿ ಬುಸುಗುಟ್ಟಿ ಹಬೆ ಉಗುಳಿತು. ಹಿಂದಿನ ಸೀಟಿನಲ್ಲಿ ಅಮ್ಮ. ಹನ್ನೊಂದಕ್ಕೆ ಅವರಿಗೆ ಡಯಾಲಿಸಿಸ್, ತಪ್ಪಿಸುವಂತಿಲ್ಲ. ಪುಣ್ಯಕ್ಕೆ ಗಾಡಿ ನಿಂತದ್ದು ಬಸ್ ಡಿಪೋದ ಎದುರಿಗೆ. ಅಲ್ಲಿ ಮೆಕ್ಯಾನಿಕ್ ಆಗಿರುವ ಅವನ ಅಕ್ಕ ಓಡಿ ಬರುವಷ್ಟರಲ್ಲಿ ಇವನು ಬಾನೆಟ್ ಎತ್ತಿ, ರೇಡಿಯೇಟರ್ ಮುಚ್ಚಳಕ್ಕೆ ಕೈ ಚಾಚಿದ್ದ.

"ಕೈ ತೆಗಿ ಮೊದ್ಲು," ಎಂದಳು ಅಕ್ಕ.

"ಬಿಡಕ್ಕ, ಇಪ್ಪತ್ತು ವರ್ಷದ ಗಾಡಿ, ಬಿಸಿ ಆಗದೆ ಇನ್ನೇನು? ಒಂದು ಬಾಟ್ಲಿ ನೀರು ಹುಯ್ದ್ರೆ ಆಯ್ತು."

"ಒಳಗೆ ಕೊತಕೊತ ಕುದೀತಿದೆ. ಮುಚ್ಚಳ ಸಡಿಲಾದ್ರೆ ನೇರ ಮುಖಕ್ಕೇ ಚಿಮ್ಮುತ್ತೆ. ನಮ್ಮ ಡಿಪೋದಲ್ಲೇ ಒಬ್ಬರಿಗೆ ಮೊಣಕೈವರೆಗೂ ಸುಟ್ಟುಹೋಯ್ತು. ಆಮೇಲೆ ಸೂಜಿ ಹೇಗೆ ಹಿಡೀತೀಯ?"

"ಅಮ್ಮನಿಗೆ ಹೊತ್ತಾಗುತ್ತಲ್ಲ."

"ಈಗಿನ್ನೂ ಹತ್ತು. ಅರ್ಧ ಗಂಟೆ ಯಾರೂ ಮುಟ್ಟಬಾರ್ದು. ಅಮ್ಮನ್ನ ತಲುಪಿಸೋ ಜವಾಬ್ದಾರಿ ನಂದು."

ಟೈಲರನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಗಡಿಯಾರ ನೋಡಿ ನೋಡಿ ಕಣ್ಣು ಸೋತಿತು. ಎಂಜಿನ್ ತಣ್ಣಗಾದ ಮೇಲೆ ಅಕ್ಕ ದಪ್ಪ ಬಟ್ಟೆ ಹಿಡಿದು ಮುಚ್ಚಳವನ್ನು ನಿಧಾನವಾಗಿ ತಿರುಗಿಸಿದಳು. ಎಂಜಿನ್ ತಂಪಾಗಿಡುವ ಕೂಲೆಂಟ್ ತಳ ಕಂಡಿತ್ತು, ತುಂಬಿಸಿದಳು. ಪೈಪುಗಳನ್ನು ಒತ್ತಿ ನೋಡಿದಳು, ಎಲ್ಲೂ ಸೋರುತ್ತಿರಲಿಲ್ಲ. ಎಂಜಿನ್ ಚಾಲೂ ಮಾಡಿಸಿದಾಗ ಫ್ಯಾನೂ ತಿರುಗಿತು. ಮತ್ತೇಕೆ ಕುದಿಯಿತು? ಗೊಣಗುತ್ತ ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು.

"ಇದೇನೋ ಇದು?"

"ಮುಂದಿನ ಜಾಲರಿಗೆ ರೆಕ್ಸಿನ್ ಕವರು. ಧೂಳು, ಹುಳ ಒಳಗೆ ಹೋಗ್ಬಾರ್ದಂತ ಹೋದ ವಾರ ನಾನೇ ಹೊಲಿದೆ. ಡಬಲ್ ಹೊಲಿಗೆ."

"ಮೂಗಿಗೆ ಬಟ್ಟೆ ತುರುಕಿ ಓಡು ಅಂದ್ರೆ ನೀನು ಓಡ್ತೀಯ? ಗಾಳಿ ಬರೋ ದಾರೀನೇ ಮುಚ್ಚಿದ್ದೀಯಲ್ಲೋ."

"ಇವನು ಚಿಕ್ಕಂದಿನಿಂದಲೂ ಹೀಗೇ," ಎಂದರು ಅಮ್ಮ ಒಳಗಿನಿಂದ, "ಕಂಡದ್ದಕ್ಕೆಲ್ಲ ಅಂಗಿ ತೊಡಿಸ್ತಾನೆ."

ಟೈಲರನಿಗೆ ನಾಚಿಕೆಯಾಯಿತು. ಅಷ್ಟು ನಾಜೂಕಾಗಿ ಹೊಲಿದದ್ದನ್ನು ಕಿತ್ತು ಡಿಕ್ಕಿಗೆ ಎಸೆದ. ಅವನು ಗಾಡಿ ಓಡಿಸಿದ, ಅಕ್ಕ ಅವನ ಪಕ್ಕದಲ್ಲಿ ಕುಳಿತು ಎಂಜಿನ್ ಬಿಸಿ ತೋರಿಸುವ ಮೀಟರಿನ ಮುಳ್ಳಿನ ಮೇಲೆ ಕಣ್ಣಿಟ್ಟಳು. ಅದು ನಡುವಿನಿಂದ ಕದಲಲಿಲ್ಲ. ಹನ್ನೊಂದಕ್ಕೆ ಐದು ನಿಮಿಷವಿರುವಾಗ ಅಮ್ಮ ಆಸ್ಪತ್ರೆಯ ಮಂಚದ ಮೇಲಿದ್ದರು.

"ಸಂಜೆ ಗಾಡೀನ ಡಿಪೋ ಹತ್ರ ತಗೊಂಡು ಬಾ," ಎಂದಳು ಅಕ್ಕ. "ಮೂರು ಸಲ ಕುದ್ದಿದೆ. ಪೂರ್ತಿ ನೋಡ್ಲೇಬೇಕು."

ಸಂಜೆ ಅವನು ಗಾಡಿಯನ್ನು ಡಿಪೋಗೆ ಒಯ್ದ.

ಅಣ್ಣಂದಿರೇ, ಅಕ್ಕಂದಿರೇ, ಮುಳ್ಳು ಮೇಲೇರಿದರೆ ಗಾಡಿಯನ್ನು ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ. ತಣ್ಣಗಾಗುವ ತನಕ ಮುಚ್ಚಳ ಮುಟ್ಟಲೇಬೇಡಿ. ಕೂಲೆಂಟ್, ಪೈಪು, ಫ್ಯಾನು, ಗಾಳಿಯ ದಾರಿ ನೋಡಿ, ಕಾರಣ ಸಿಗುವವರೆಗೂ ಬಿಡಬೇಡಿ. ಎಷ್ಟೇ ಅವಸರವಿರಲಿ, ಆ ಅರ್ಧ ಗಂಟೆ ಕಾಯಿರಿ. ನಿಮ್ಮನ್ನು ನಂಬಿ ಹಿಂದಿನ ಸೀಟಿನಲ್ಲಿ ಕುಳಿತವರಿಗಾಗಿಯಾದರೂ ಕಾಯಿರಿ.