ಎಡಗಿವಿಯ ಹಕ್ಕುದಾರರು

ಸಿಸ್ಟರ್ ಅರ್ನೆಸ್ಟೀನ್ ಟಾಲಿವರ್ ಡೆಟ್ರಾಯಿಟ್‌ನ ಚರ್ಚಿನಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತ ಗದರಿದರೆ, ನದಿಯಾಚೆ ಕೆನಡಾದಲ್ಲಿ ಜನ ಗುಡುಗೆಂದು ಛತ್ರಿ ಬಿಚ್ಚುತ್ತಿದ್ದರು. ಸ್ವರ ಇಳಿದವರ ಎಡಗಿವಿ ಹಿಡಿದು ಮೇಲಕ್ಕೆಳೆಯುವುದೇ ಆಕೆಯ ಪಾಠ. ಅರ್ಧ ಡೆಟ್ರಾಯಿಟ್‌ನ ಎಡಗಿವಿ ಬಲಗಿವಿಗಿಂತ ಉದ್ದವಿರುವುದು ಆ ಪುಣ್ಯದಿಂದಲೇ.

ಒಂದು ಬೆಳಿಗ್ಗೆ ಆಕೆ ಸೊಪ್ಪು ತೊಳೆಯುತ್ತಿದ್ದಾಗ ರೇಡಿಯೋದಲ್ಲಿ ಹೆಸರಾಂತ ಹಾಡುಗಾರರಾದ ಕಿಂಗ್ ಮರ್ಸರ್, ಜ್ಯುವೆಲ್ ಪೆಟಿಗ್ರೂ ಕಚ್ಚಾಡುತ್ತಿದ್ದರು. ಅವನ ಅಭಿಮಾನಿಗಳ ಮನೆಯಲ್ಲಿ ಅವಳ ಹಾಡು ಹಾಕಿದರೆ ಮದುವೆಗಳೇ ಮುರಿಯುತ್ತಿದ್ದ ಕಾಲ ಅದು.

"ಎಡಗಿವಿ ಹಿಡ್ಕೊಂಡು ಮೇಲಿನ ಸ್ವರ ಹಾಡೋದು ನನ್ನ ಶೈಲಿ. ಇವಳು ಕದ್ದಳು!" ಎಂದ ಮರ್ಸರ್.

"ಹೋಗಯ್ಯಾ! ನಾನು ತೊಟ್ಟಿಲಲ್ಲೇ ಹಾಗೆ ಅಳ್ತಿದ್ದೆ," ಎಂದಳು ಜ್ಯುವೆಲ್.

"ಹಾಗಾದ್ರೆ ನಿಮಗೆ ಕಲಿಸಿದವರು?" ನಿರೂಪಕ ಕೇಳಿದ.

"ಯಾರೂ ಇಲ್ಲ!" ಇಬ್ಬರೂ ಒಟ್ಟಿಗೇ ಅಂದರು.

ಅರ್ನೆಸ್ಟೀನ್‌ಗೆ ಮೈಯೆಲ್ಲ ಉರಿಯಿತು. ಒಲೆ ಹಚ್ಚದೆಯೇ ಸೊಪ್ಪು ಬೆಂದುಹೋಯಿತು. ಇಷ್ಟು ವರ್ಷ ಪುಕ್ಕಟೆ ಕಲಿಸಿದವಳು ಆಕೆ. ಒಮ್ಮೆ, ಒಂದೇ ಒಂದು ಸಲ, ಯಾರಾದರೂ ತನ್ನ ಹೆಸರು ಹೇಳಲೆಂಬ ಆಸೆ ಇಲ್ಲದಿರುತ್ತದೆಯೇ? ಮೂರು ಬೀದಿಗೆ ನೆರಳು ಕೊಡುವಂಥ ಭಾನುವಾರದ ಟೋಪಿ ತಲೆಗೇರಿಸಿ ಹೊರಟಳು. ರೇಡಿಯೋ ಕೇಂದ್ರದ ಬಾಗಿಲು ಆಕೆಯನ್ನು ಕಂಡೇ ತೆರೆದುಕೊಂಡಿತು.

"ಲೋ ಮರ್ಸರ್! ನೆಲಮಾಳಿಗೇಲಿ ಬಿದ್ದಿದ್ದ ನಿನ್ನ ಸ್ವರಾನ ಕಿವಿ ಹಿಡಿದು ಮೇಲೆತ್ತಿದ್ದು ಯಾರೋ? ಏನೇ ಜ್ಯುವೆಲ್, ತೊಟ್ಟಿಲಲ್ಲಿ ಹಾಡಿದ್ಯಾ? ಇವನು ಚರ್ಚ್ ಬಿಟ್ಟು ಹೋದ ಮೇಲೆ ಇವನ ಜಾಗದಲ್ಲೇ ತಾನೇ ನಿನ್ನ ನಿಲ್ಲಿಸಿದ್ದು?"

ಮರ್ಸರ್ ಬಾಯಿ ಬಿಟ್ಟುಕೊಂಡು ಜ್ಯುವೆಲ್‌ಳನ್ನು ನೋಡಿದ. "ನೀನೂ ಸಿಸ್ಟರ್ ಹತ್ರಾನೇ ಕಲಿತಿದ್ದಾ?"

"ಅಯ್ಯೋ, ನೀನೂನಾ?"

ನಾಚಿಕೊಂಡು ಇಬ್ಬರೂ ಮೈಕಿನಲ್ಲಿ ಹೇಳಿದರು: ನಮಗೆ ಕಲಿಸಿದವರು ಸಿಸ್ಟರ್ ಅರ್ನೆಸ್ಟೀನ್ ಟಾಲಿವರ್. ಆಕೆಯ ಎದೆ ತಣ್ಣಗಾಯಿತು. ಆದರೆ ಎಷ್ಟು ಹೊತ್ತು?

"ಆದ್ರೂ ಅವರ ಮುದ್ದಿನ ಶಿಷ್ಯ ನಾನೇ. ಜಾಸ್ತಿ ಹಿಂಡಿಸ್ಕೊಂಡಿದ್ದು ನನ್ನ ಕಿವಿ," ಎಂದ ಮರ್ಸರ್.

"ಸುಳ್ಳು! ನನ್ನದು ಇನ್ನೂ ಕೆಂಪಗಿದೆ, ನೋಡು!"

"ಮುಚ್ರೋ ಬಾಯಿ!" ಮೈಕ್ ಕಿತ್ತುಕೊಂಡಳು ಅರ್ನೆಸ್ಟೀನ್. "ಜಾಸ್ತಿ ಹಿಂಡಿಸ್ಕೊಂಡೋರು ಜಾಸ್ತಿ ಅಪಸ್ವರ ಹಾಡಿದೋರು! ನಾಚಿಕೆ ಇಲ್ವಾ, ಅದಕ್ಕೂ ಜಂಬ? ನಾನು ಕಿವಿ ಮುಟ್ಟದೇ ಇದ್ದ ಮಗು ಒಂದೇ, ವರ್ನೆಲ್. ಸಿಟಿ ಬಸ್ ಓಡಿಸ್ತಾಳೆ. ಇವತ್ತೂ ಸ್ಟೀರಿಂಗ್ ಹಿಡಿದು ಹಾಡ್ತಾಳೆ. ಹೋಗಿ ಕೇಳಿ!"

ಮಧ್ಯಾಹ್ನದ ಹೊತ್ತಿಗೆ ಡೆಟ್ರಾಯಿಟ್‌ನ ಬಸ್ಸುಗಳೆಲ್ಲ ಖಾಲಿ, ವರ್ನೆಲ್‌ಳ ಬಸ್ಸಿನ ಚಾವಣಿಯ ಮೇಲೂ ಜನ. ಕೆಳಗೆ, ತಾನು ಮೊದಲು ಹತ್ತಬೇಕೆಂದು ಮರ್ಸರ್, ಜ್ಯುವೆಲ್ ಇಬ್ಬರೂ ಮೆಟ್ಟಿಲಲ್ಲಿ ಸಿಕ್ಕಿಕೊಂಡು ಒದ್ದಾಡುತ್ತಿದ್ದರು.